ನಡಿಗೆ ಮೇಷ್ಟ್ರು ಭೇರ್ಯಕ್ಕೆ ಹೋದದ್ದು

ನಾನು ಫಿನ್ಲೆಂಡಿನಲ್ಲಿ ಮೂರು ವರ್ಷ ನಡಿಗೆಯ ಪಾಠ ಮಾಡಿ ಬಂದವನು. ಹುಣಸೂರಿನಲ್ಲಿ ಇದನ್ನು ಯಾರ ಮುಂದೆ ಹೇಳಿದರೂ ಅವರು ಕೇಳುವ ಪ್ರಶ್ನೆ ಒಂದೇ: “ಯಾಕ್ ಸಾ, ಅಲ್ಲಿಯೋರ್ಗೆ ನಡೆಯಕ್ ಬರಾಕಿಲ್ವಾ?”

ಬರುತ್ತದೆ ಸ್ವಾಮಿ, ನಮಗಿಂತ ಚೆನ್ನಾಗಿಯೇ ಬರುತ್ತದೆ. ನಾನಿದ್ದದ್ದು ಅನಿಮೇಷನ್ ಶಾಲೆಯಲ್ಲಿ. ಟೀವಿಯಲ್ಲಿ ಮಕ್ಕಳು ನೋಡುವ ಕಾರ್ಟೂನ್ ಇದೆಯಲ್ಲ, ಅದರೊಳಗಿನ ಕರಡಿಯಾಗಲಿ ರಾಜಕುಮಾರಿಯಾಗಲಿ ತಾನಾಗಿ ನಡೆಯುವುದಿಲ್ಲ. ಒಂದೊಂದು ಹೆಜ್ಜೆಗೂ ಹತ್ತಾರು ಚಿತ್ರ ಬರೆದು ನಾವು ನಡೆಸಬೇಕು. ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಭುಜ ಯಾವಾಗ ಇಳಿಯುತ್ತದೆ, ಸೊಂಟ ಯಾವ ಕಡೆಗೆ ವಾಲುತ್ತದೆ ಎಂದು ಗೊತ್ತಿಲ್ಲದೆ ಬರೆದರೆ ಕರಡಿ ನಡೆಯುವುದಿಲ್ಲ, ತೇಲುತ್ತದೆ. ಕರಡಿ ತೇಲದ ಹಾಗೆ ನೋಡಿಕೊಳ್ಳುವುದು ನನ್ನ ಹುದ್ದೆಯಾಗಿತ್ತು. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಕೇಳಿದವರು ಬಸ್ಸು ಬಂತೆಂದು ಹೊರಟುಹೋಗಿರುತ್ತಾರೆ.

ನನಗೆ ಆ ಕೆಲಸ ಸಿಕ್ಕಿದ್ದೂ ಒಂದು ವಿಚಿತ್ರವೇ. ಎತ್ತು, ಎಮ್ಮೆ ನಡೆಯುವುದನ್ನು ಪೆನ್ಸಿಲ್ಲಿನಲ್ಲಿ ಬರೆದು ಮೊಬೈಲಿನಲ್ಲಿ ಹಾಕುವ ಚಟ ನನಗಿತ್ತು. ನಮ್ಮವರು ಅದನ್ನು ನೋಡಿ, “ಎಮ್ಮೆ ಚಂದಾಗದೆ, ಎಷ್ಟ್ ಹಾಲ್ ಕೊಡ್ತದೆ?” ಎಂದು ವಿಚಾರಿಸಿದರು. ಫಿನ್ಲೆಂಡಿನ ಐನೋ ಮೇಡಂ ಒಬ್ಬರೇ, “ನಮ್ಮ ಶಾಲೆಗೆ ಬಂದು ಕಲಿಸುತ್ತೀರಾ?” ಎಂದು ಕೇಳಿದವರು. ಹೋದೆ.

ಆ ಶಾಲೆಯನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಕೆರೆಯ ದಡದಲ್ಲಿ ಒಂದು ಮರದ ಕಟ್ಟಡ. ಒಳಗೆ ಬರುವ ಮೊದಲು ಪ್ರಾಂಶುಪಾಲರಿಂದ ಹಿಡಿದು ಎಲ್ಲರೂ ಬೂಟು ಕಳಚಿ ಉಣ್ಣೆಯ ಕಾಲುಚೀಲದಲ್ಲಿ ಓಡಾಡಬೇಕು. ಮೊದಲ ದಿನವೇ ನಾನು ಗೇಟಿನ ಬಳಿ ಹಿಮದ ಮೇಲೆ ಜಾರಿ ಅಂಗಾತ ಬಿದ್ದೆ. ವಿದ್ಯಾರ್ಥಿಗಳು ಓಡಿ ಬಂದರು. ಯಾರೂ ನಗಲಿಲ್ಲ. ಅವರಲ್ಲಿ ಒಬ್ಬಳು ಬಹಳ ವಿನಯದಿಂದ, “ಸರ್, ದಯವಿಟ್ಟು ಇನ್ನೊಂದು ಸಲ ಬೀಳುತ್ತೀರಾ? ಎಡಗೈ ಏನು ಮಾಡಿತೆಂದು ಕಾಣಲಿಲ್ಲ” ಎಂದಳು. ವಿದ್ಯಾದಾನ ನೋಡಿ, ಇಲ್ಲ ಎನ್ನಲಾದೀತೆ? ಮತ್ತೆ ಬಿದ್ದೆ. ಅಂಥ ಶ್ರದ್ಧೆಯ ಮಕ್ಕಳನ್ನು ನಾನು ನನ್ನ ಸರ್ವೀಸಿನಲ್ಲೇ ನೋಡಿಲ್ಲ.

ಪ್ರತಿ ಶುಕ್ರವಾರ ಐನೋ ಮೇಡಂ ನಮ್ಮನ್ನೆಲ್ಲ ಊರೊಳಕ್ಕೆ ಬಿಡುತ್ತಿದ್ದರು. ಯಾರನ್ನಾದರೂ ಆರಿಸಿಕೊಂಡು, ಅವರ ಹಿಂದೆ ಹೋಗಿ, ಅವರ ಹಾಗೆಯೇ ನಡೆಯಬೇಕು. ನಡಿಗೆ ಮೊದಲು ಮೈಗೆ ಬರಬೇಕು, ಆಮೇಲೆ ಪೆನ್ಸಿಲ್ಲಿಗೆ. ಆ ಊರಿನವರಿಗೆ ಅದು ಅಭ್ಯಾಸವಾಗಿತ್ತು. ತಿರುಗಿ ನೋಡಿ, ತಲೆಯಾಡಿಸಿ, ತಮ್ಮ ಪಾಡಿಗೆ ಹೋಗುತ್ತಿದ್ದರು. ನನಗೂ ಅಭ್ಯಾಸವಾಯಿತು. ಶಾಲೆಯ ಕರಾರು ಮುಗಿದು, ಹುಣಸೂರಿಗೆ ಬಂದು, ಹೈಸ್ಕೂಲಿನಲ್ಲಿ ಮತ್ತೆ ಡ್ರಾಯಿಂಗ್ ಮೇಷ್ಟ್ರಾದ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ.

ಅನಾಹುತ ಶುರುವಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಅವತ್ತು ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ನನ್ನ ಮುಂದೆ ಹಾದುಹೋದರು. ಆಹಾ, ಏನು ನಡಿಗೆ ಅಂತೀರಿ! ಬಲಗಡೆಯ ಸೊಂಟ ಸ್ವಲ್ಪ ಏರಿ, ತುಸು ನಿಂತು, ಆಮೇಲೆ ಇಡೀ ಮೈ ಎಡಗಾಲಿನ ಮೇಲೆ ಧೊಪ್ಪನೆ ಇಳಿಯುವುದು. ಅಂಥ ನಡಿಗೆ ಸಿಕ್ಕರೆ ಫಿನ್ಲೆಂಡಿನ ಮಕ್ಕಳು ಊಟ ಬಿಟ್ಟು ಹಿಂದೆ ಹೋಗುತ್ತಿದ್ದರು. ನಾನೂ ಹೋದೆ. ಸೊಂಟ ಏರಿಸಿ, ನಿಲ್ಲಿಸಿ, ಇಳಿಸಿ, ಹಣ್ಣಿನಂಗಡಿಗಳ ಸಾಲು ದಾಟುವ ಹೊತ್ತಿಗೆ ನಡಿಗೆ ನನ್ನ ಮೈಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವರು ತಿರುಗಿದರು.

“ಯಾಕಯ್ಯಾ, ಅಣಕುಸ್ತೀಯಾ?”

ಸುತ್ತ ಜನ ನೋಡುತ್ತಿದ್ದರು. ತಪ್ಪಾಯಿತೆಂದು ಕೈಮುಗಿದಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ವಿದೇಶದಲ್ಲಿ ಪಾಠ ಮಾಡಿ ಬಂದವನಿಗೆ ಹಾಳು ಮರ್ಯಾದೆ ಒಂದಿರುತ್ತದಲ್ಲ.

“ಅಣಕಿಸ್ತಿಲ್ಲ ಯಜಮಾನ್ರೇ, ಅಧ್ಯಯನ ಮಾಡ್ತಿದ್ದೆ. ನಾನು ಫಿನ್ಲೆಂಡಿನಲ್ಲಿ ನಡಿಗೆ ಮೇಷ್ಟ್ರಾಗಿದ್ದೋನು.”

“ಓಹೋ! ಅಂಗಾರೆ ನನ್ ನಡಿಗೇಲಿ ಏನದೆ ಯೋಳು ನೋಡುಮಾ.”

“ನಿಮ್ಮ ಬಲ ಸೊಂಟಕ್ಕೆ ಹಳೇ ಪೆಟ್ಟಿದೆ. ಭಾರ ಎಲ್ಲಾ ಎಡಗಾಲಿನ ಮೇಲೆ ಬಿಡ್ತೀರ. ಅದಕ್ಕೇ ನಿಮ್ಮ ಎಡಗಾಲಿನ ಚಪ್ಪಲಿ ಮಾತ್ರ ಸವೆದಿದೆ.”

ಅವರು ಎರಡು ಚಪ್ಪಲಿಯನ್ನೂ ಕಳಚಿ ಮಗುಚಿ ನೋಡಿದರು. ಎಡದ್ದು ಹಪ್ಪಳದಂತೆ ಸವೆದಿತ್ತು. ಅದು ನನಗೆ ಹಿಂದಿನಿಂದಲೇ ಕಂಡಿತ್ತು. ಅದರಲ್ಲಿ ವಿದ್ಯೆಯೇನೂ ಇಲ್ಲ. ಆದರೆ ಅವರ ಕಣ್ಣು ದೊಡ್ಡದಾಯಿತು.

“ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮ್ಯಾಲಿಂದ ಬಿದ್ದಿದ್ದೆ ಕಣಯ್ಯಾ, ನನ್ ಮಗ ಕೂಸಾಗಿದ್ದಾಗ! ಇಲ್ಲಿ ಯಾರ್ಗೂ ಗೊತ್ತಿಲ್ಲ. ನಿಂಗೆ ಎಂಗ್ ಗೊತ್ತಾಯ್ತು?” ಎಂದರು. ಅಲ್ಲೇ ನೀನು ಹೋಗಿ ನೀವು ಆಯಿತು. “ನಾನು ಗುರುಪುರದ ಅಂಕಯ್ಯ. ನಿಮ್ ಮನೆ ಎಲ್ಲದೆ ಸಾ?”

ಇದನ್ನೆಲ್ಲ ಎದುರಿನ ಮರಗೆಲಸದ ಅಂಗಡಿಯಿಂದ ನೋಡುತ್ತಿದ್ದವನು ನಸೀರ್. ನಮ್ಮ ಪಕ್ಕದ ಮನೆಯವನು. ಅವತ್ತು ಅವನು ಅರ್ಧ ಕೂರಿಸಿದ ಕಿಟಕಿಯನ್ನು ಹಾಗೇ ಬಿಟ್ಟು, ಅಂಗಡಿ ಮುಚ್ಚಿ, ನನಗಿಂತ ಮೊದಲು ನಮ್ಮ ಬೀದಿ ಸೇರಿದ್ದ.

“ಅರೆ ಮಾಸ್ಟರ್, ಇಷ್ಟು ವರ್ಷದಿಂದ ಗೋಡೆಗೆ ಗೋಡೆ ಇಟ್ಕಂಡು ಇದ್ದೀವಿ, ಇಂಥ ವಿದ್ಯೆ ಇದೆ ಅಂತ ಒಂದು ಮಾತು ಹೇಳ್ಬಾರ್ದಾ?” ಎಂದು ಆಕ್ಷೇಪಿಸಿದ. ನಾನು ವಾಪಸು ಬಂದಾಗಿನಿಂದ ಅವನಿಗೆ ಫಿನ್ಲೆಂಡಿನದ್ದು ಬಿಟ್ಟು ಬೇರೆ ಏನನ್ನೂ ಹೇಳಿರಲಿಲ್ಲ. ಅವನು ಅದನ್ನು ಕೇಳುತ್ತಿರಲಿಲ್ಲವೆಂದು ನನಗೆ ಗೊತ್ತಾದದ್ದು ಅವತ್ತೇ.

ಅವನ ಹೆಂಡತಿ ಜೈನಾಬಿಗೆ ಮಂಡಿನೋವು. ಸಂಜೆಯೇ ಕರೆತಂದು ನಮ್ಮ ಜಗಲಿಯ ಮುಂದೆ ನಡೆಸಿದ. ನಾನು ಡಾಕ್ಟರಲ್ಲ ಮಾರಾಯ ಎಂದರೂ ಕೇಳಲಿಲ್ಲ. ಆಕೆ ನಡೆಯುವುದನ್ನು ನೋಡುತ್ತಾ ನನಗೆ ಫಿನ್ಲೆಂಡಿನ ಚಳಿಗಾಲ ನೆನಪಾಯಿತು. “ಅಲ್ಲಿ ಹಿಮದ ಮೇಲೆ ಯಾರೂ ದೊಡ್ಡ ಹೆಜ್ಜೆ ಇಡಲ್ಲಮ್ಮ. ಮಂಡಿ ಸ್ವಲ್ಪ ಸಡಿಲ ಬಿಟ್ಟು, ಬಾತುಕೋಳಿ ಥರ ಪುಟುಪುಟು ಅಂತ ನಡೀತಾರೆ. ನೋಡೋಕೆ ಎಷ್ಟು ಚೆಂದ ಅಂತೀರಿ” ಎಂದೆ. ಅಷ್ಟೇ ನಾನು ಹೇಳಿದ್ದು. ಮಾರನೆಯ ಬೆಳಗ್ಗೆ ಜೈನಾಬಿ ರೇಷನ್ ಅಂಗಡಿಗೆ ಬಾತುಕೋಳಿಯಂತೆ ಹೋಗಿ ಬಂದರು. ನೋವು ಅರ್ಧ ಇಳಿದಿದೆ ಎಂದರು. ಮುಂದಿನ ವಾರದ ಹೊತ್ತಿಗೆ ನಮ್ಮ ಬೀದಿಯ ಹೆಂಗಸರೆಲ್ಲ ಬಾತುಕೋಳಿಗಳಾಗಿದ್ದರು.

ನನಗೆ ನನ್ನ ನೆನಪು ಹೇಳಿಕೊಳ್ಳುವ ಆಸೆ. ಅವರಿಗೆ ಅದು ಅಪ್ಪಣೆ. ಹೀಗಿದ್ದರೆ ಏನು ಮಾಡುವುದು? ಒಬ್ಬ ಪೊಲೀಸಪ್ಪ ಮೊಬೈಲು ಹಿಡಿದು ಬಂದ. ಯಾರದೋ ತೋಟದ ಪಂಪ್‌ಸೆಟ್ಟು ಕಳುವಾಗಿತ್ತು. ಕ್ಯಾಮೆರಾದಲ್ಲಿ ಕಳ್ಳನ ಮುಖ ಕಾಣದು, ಕಂಬಳಿ ಹೊದ್ದಿದ್ದಾನೆ. “ನಡಿಗೆ ಕಾಣ್ತದಲ್ಲ ಸಾ, ಯಾರು ಅಂತ ಯೋಳ್ಬುಡಿ.” ನಾನು ನೋಡಿದೆ. ಕಳ್ಳ ಪಾದವನ್ನು ಎತ್ತುವ ಬದಲು ಎಳೆಯುತ್ತಿದ್ದ. ನನಗೆ ನಗು ಬಂತು. “ಫಿನ್ಲೆಂಡಿನಲ್ಲಿ ನನ್ನ ಹತ್ರ ಹಿಮದ ಬೂಟು ಇರ್ಲಿಲ್ಲ. ಆರಡಿ ಎತ್ತರದ ವಿದ್ಯಾರ್ಥಿ ತನ್ನ ಹಳೇದು ಕೊಟ್ಟಿದ್ದ. ಆ ಚಳಿಗಾಲ ಪೂರ್ತಿ ನಾನು ಹೀಗೇ ನಡೆದಿದ್ದೆ” ಎಂದು ಹೇಳಿ ಕಣ್ಣೊರೆಸಿಕೊಂಡೆ. ಪೊಲೀಸಪ್ಪ ಧಡಕ್ಕನೆ ಎದ್ದು ಹೋದ. ತನ್ನದಲ್ಲದ ಗಂಬೂಟು ಹಾಕಿಕೊಂಡು ಅದೇ ತೋಟದ ಆಚೆ ಓಡಾಡುತ್ತಿದ್ದ ಒಬ್ಬ ಸಿಕ್ಕಿಬಿದ್ದನಂತೆ, ಪಂಪ್‌ಸೆಟ್ಟೂ ಸಿಕ್ಕಿತಂತೆ.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಪಿರಿಯಾಪಟ್ಟಣದಿಂದ ಎತ್ತು ಹಿಡಿದುಕೊಂಡು ಬಂದರು, ಕೋಟೆ ಕಡೆಯಿಂದ ಅಳಿಯನನ್ನು ಹಿಡಿದುಕೊಂಡು ಬಂದರು. ಕೊಪ್ಪದಿಂದ ಬಂದವರೊಬ್ಬರು ತಮ್ಮ ಪಾಲುದಾರನನ್ನು ಅವನಿಗೆ ತಿಳಿಯದ ಹಾಗೆ ನಮ್ಮ ಬೀದಿಯಲ್ಲಿ ನಡೆಸಿಕೊಂಡು ಹೋದರು. ನಾನು ಎಲ್ಲರಿಗೂ ಐನೋ ಮೇಡಂ ಕಥೆ ಹೇಳಿದೆ; ಎಲ್ಲರೂ ತಲೆಯಾಡಿಸಿ ತಮಗೆ ಬೇಕಾದ್ದನ್ನು ಅದರಲ್ಲಿ ಹುಡುಕಿಕೊಂಡು ಹೋದರು. ನನ್ನ ಹೆಂಡತಿ ಸುನಂದಮ್ಮ ಮಾತ್ರ ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ಸುಸ್ತಾಗಿ, “ರೀ, ಒಂದಲ್ಲ ಒಂದ್ ದಿನ ಸಿಕ್ಕಾಕ್ಕೊಳ್ತೀರ ನೀವು” ಎಂದಳು. ಹೆಂಗಸರ ಬಾಯಲ್ಲಿ ಇಂಥ ಮಾತು ಬರಬಾರದು.

ಶುಕ್ರವಾರ ಅಂಕಯ್ಯನವರು ಒಂದು ಚೀಲ ಶುಂಠಿಯೊಂದಿಗೆ ಬಂದರು.

“ಮೇಷ್ಟ್ರೇ, ಭಾನುವಾರ ನೀವು ನಮ್ ಜತೆ ಬರ್ಬೇಕು. ನಮ್ ಚೆಲುವರಾಜುಗೆ ಎಣ್ಣು ನೋಡಕ್ ಓಯ್ತಾ ಇದ್ದೀವಿ. ನಮ್ ಕಡೆ ಎಣ್ಣನ್ನ ವಸಿ ನಡೆಸಿ ನೋಡೋದು ವಾಡಿಕೆ. ನೀವು ನೋಡಿ ಒಂದ್ ಮಾತು ಅಂದ್ಬುಟ್ರೆ ನಂಗೆ ಸಾಕು. ನೀವ್ ಊಂ ಅಂದ್ರೆ ಊಂ, ಊಹುಂ ಅಂದ್ರೆ ಎದ್ ಬತ್ತೀವಿ.”

“ಅಯ್ಯೋ, ಅದೆಲ್ಲ ನನ್ನಿಂದ ಆಗಲ್ಲ ಯಜಮಾನ್ರೇ. ಯಾವೂರು ಅದು?”

“ಭೇರ್ಯ. ಬಸವರಾಜು ಅಂತ. ಎಣ್ಣು ಕೆ.ಆರ್. ನಗರದ ಲ್ಯಾಬಲ್ಲಿ ರಕ್ತ ಟೆಸ್ಟು ಮಾಡ್ತದಂತೆ.”

ಒಳಗೆ ಅಡುಗೆಮನೆಯಲ್ಲಿ ಏನೋ ಧಡಾರನೆ ಬಿತ್ತು. ಭೇರ್ಯದ ಬಸವರಾಜು ಸುನಂದಮ್ಮನ ಒಡಹುಟ್ಟಿದ ಅಣ್ಣ. ಆ ಹುಡುಗಿ ರಮ್ಯಶ್ರೀ ನನ್ನನ್ನು ಬಾಯ್ತುಂಬ ಮಾವ ಎನ್ನುವವಳು, ತಿಂಗಳಿಗೊಮ್ಮೆ ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ ಬೈಯುವವಳು. “ಯಜಮಾನ್ರೇ, ಅದು...” ಎಂದು ಬಾಯಿ ತೆರೆದೆ. ಅಂಕಯ್ಯನವರು, “ನೀವೇನೂ ಮಾತಾಡ್ಬ್ಯಾಡಿ, ಕಾರ್ ಬತ್ತದೆ” ಎಂದು ಎದ್ದೇ ಹೋದರು.

ಸುನಂದಮ್ಮ ಹೊರಗೆ ಬಂದಳು. ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಸೌಟಿತ್ತು.

ರಮ್ಯಶ್ರೀಗೆ ಎಡಗಾಲು ತುಸು ಕುಂಟು. ಚಿಕ್ಕವಳಾಗಿದ್ದಾಗ ಗಾಡಿಯಿಂದ ಬಿದ್ದದ್ದು, ಮೂಳೆ ಸರಿಯಾಗಿ ಕೂಡಲಿಲ್ಲ. ಈಗಾಗಲೇ ಎರಡು ಕಡೆಯವರು ಬಂದು, ಅವಳನ್ನು ಹಜಾರದಲ್ಲಿ ನಡೆಸಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೋದವರು ತಿಳಿಸಿರಲಿಲ್ಲ. ಈ ಸಲ ಬಸವರಾಜು ಕಾಲಿನ ಮಾತನ್ನೇ ಎತ್ತಿರಲಿಲ್ಲ.

“ನಿನ್ನೆ ಫೋನಲ್ಲಿ ಅತ್ಲು ಕಣ್ರೀ ಅವ್ಳು. ‘ಅತ್ತೆ, ಇದೇ ಕೊನೆ, ಇನ್ಮೇಲೆ ಯಾರ್ ಮುಂದೇನೂ ನಾನು ನಡೆಯಲ್ಲ’ ಅಂದ್ಲು. ಹುಡುಗ ಮಾತಾಡ್ಸಿದ್ನಂತೆ, ಅವ್ಳಿಗೆ ಮನಸ್ಸಿಗೆ ಬಂದಿದ್ದಾನೆ. ನಿಮ್ ಫಿನ್ಲೆಂಡಿಂದ ಆ ಮಗಿನ ಮದುವೆ ಏನಾದ್ರೂ ಮುರೀತೋ, ನೀವು ಅಲ್ಲಿಗೇ ಹೋಗ್ಬುಡಿ. ಇಲ್ಲಿ ನಿಮಗೆ ಅನ್ನ ಇಲ್ಲ.”

ಅಂಕಯ್ಯನವರಿಗೆ ಸುಳ್ಳು ಹೇಳಿದರೆ ಗುರುಪುರದವರು ನನ್ನ ಕಾಲು ಮುರಿಯುತ್ತಾರೆ. ನಿಜ ಹೇಳಿದರೆ ಸುನಂದಮ್ಮ. ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಸುನಂದಮ್ಮ ಹಿಂದಿನ ದಿನವೇ ತವರಿಗೆ ಹೋಗಿ ಎಲ್ಲರಿಗೂ ಹೇಳಿಕೊಟ್ಟಿದ್ದಳು: ಕಾಂತರಾಜು ಎಂಬ ನಾನು ಯಾರೋ, ಅವರು ಯಾರೋ. ಭಾನುವಾರ ನಾವು ಕಾರಿನಿಂದ ಇಳಿದಾಗ ಬಸವರಾಜು ಬಾಗಿಲಲ್ಲಿ ಎಲ್ಲರಿಗೂ ಕೈಮುಗಿದರು. ನನ್ನ ಮದುವೆಯಲ್ಲಿ ನನ್ನ ಕಾಲು ತೊಳೆದ ಮನುಷ್ಯ ನನ್ನ ಮುಖ ನೋಡಿ, “ತಮ್ದು ಯಾವೂರು ಸಾರ್?” ಎಂದರು. ಸುಳ್ಳಿಗೆ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಅದನ್ನಾದರೂ ಒರೆಸಿಕೊಳ್ಳಬೇಕೋ ಬೇಡವೋ? ಅದನ್ನೂ ಮಾಡದೆ ನಿಂತಿದ್ದರು.

ನಾವು ಚಾಪೆಯ ಮೇಲೆ ಕುಳಿತೆವು. ಅಂಕಯ್ಯನವರು, ಅವರ ಹಿಂದೆ ಗೋಡೆಗೆ ಒರಗಿ ಅವರ ಹೆಂಡತಿ ಚಿಕ್ಕತಾಯಮ್ಮ, ಪಕ್ಕದಲ್ಲಿ ಗಂಡು ಚೆಲುವರಾಜು. ಒಳ್ಳೆಯ ಹುಡುಗನಂತೆ ಕಂಡ, ಆದರೆ ಹೆದರಿ ಬಿಳಿಚಿಕೊಂಡಿದ್ದ. ಬಸವರಾಜು ಅವರ ಹೆಂಡತಿ ಕಾಫಿ ತಂದರು. ಎಲ್ಲರಿಗೂ ಲೋಟ ಕೊಟ್ಟು, ನನ್ನ ಮುಂದೆ ಬೇರೆ ಲೋಟ ಇಟ್ಟು, ಅಭ್ಯಾಸಬಲದಿಂದ, “ನಿಮ್ದಕ್ಕೆ ಸಕ್ಕರೆ ಹಾಕಿಲ್ಲ” ಎಂದುಬಿಟ್ಟರು.

ಅಂಕಯ್ಯನವರ ಲೋಟ ಅರ್ಧದಲ್ಲಿ ನಿಂತಿತು. “ಇವ್ರಿಗೆ ಸಕ್ಕರೆ ಕಾಯಿಲೆ ಅಂತ ನಿಮ್ಗೆ ಎಂಗವ್ವಾ ಗೊತ್ತು?”

ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಸುನಂದಮ್ಮನ ಒಂದು ಕಣ್ಣು ಕಾಣುತ್ತಿತ್ತು. ಬಸವರಾಜು, “ನಡಿಗೆ ನೋಡಿ” ಎಂದರು. “ಸಾರು ಬಾಗಿಲಿಂದ ಒಳಕ್ ನಡ್ಕ ಬಂದ್ರಲ್ಲ, ಅವಾಗ್ಲೇ ಗೊತ್ತಾಗೋಯ್ತು.”

“ನೀವೂ ನೋಡ್ತೀರಾ?”

“ಏನೋ ವಸಿ ವಸಿ.”

ಅಂಕಯ್ಯನವರು ತಮ್ಮ ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಸರಿ, ಮಗೀನ ಕರೀರಿ. ವಸಿ ನಡೀಲಿ. ಮೇಷ್ಟ್ರು ನೋಡ್ಲಿ” ಎಂದರು.

ಹೇಗಾದರೂ ಹೊತ್ತು ತಳ್ಳಬೇಕಿತ್ತು. ನಾನು ಎದ್ದು ನಿಂತೆ. “ಹಾಗೆ ನಾನು ನೋಡೋ ಹಾಗಿಲ್ಲ. ಫಿನ್ಲೆಂಡಿನ ಶಾಲೇಲಿ ಒಂದು ಕಟ್ಟಳೆ ಇತ್ತು. ಯಾರದೋ ನಡಿಗೆ ನೋಡ್ಬೇಕಾದ್ರೆ ಮೊದಲು ನೋಡೋರು ನಡೀಬೇಕು. ಐನೋ ಮೇಡಂ ಕೂಡ ಮೊದಲು ತಾವು ನಡೆದು ತೋರಿಸೋರು.” ಇದು ಸುಳ್ಳಲ್ಲ. ಅದಕ್ಕೇ ಆ ಶಾಲೆಯಲ್ಲಿ ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ.

“ಯಾರ್ ಯಾರು ನಡೀಬೇಕು?”

“ಎಲ್ರೂ. ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ. ಸಹಜವಾಗಿ.”

ಸಹಜವಾಗಿ ನಡೆ ಎಂದರೆ ಮನುಷ್ಯನಿಗೆ ನಡಿಗೆ ಮರೆತುಹೋಗುತ್ತದೆ. ಇದು ಜಗತ್ತಿನ ಎಲ್ಲ ದೇಶಗಳಲ್ಲೂ ಒಂದೇ. ಬಸವರಾಜು ಗಣರಾಜ್ಯೋತ್ಸವದ ಪೊಲೀಸರಂತೆ ಎದೆ ಉಬ್ಬಿಸಿ ಹೋಗಿ, ಬಾಗಿಲಿನ ಹೊಸ್ತಿಲಿಗೆ ಬೆರಳು ಗುದ್ದಿಕೊಂಡು ಬಂದರು. ಅಂಕಯ್ಯನವರು ತಮ್ಮ ವಾಲಾಟವನ್ನು ಮುಚ್ಚಲು ಬಿಗಿದುಕೊಂಡು ನಡೆದು ಗೋಡೆಯನ್ನೇ ಹಿಡಿದರು. ಚೆಲುವರಾಜು ಎದ್ದ. ಬಲಗಾಲು ಇಟ್ಟಾಗ ಬಲಗೈ ಮುಂದೆ ಬಂತು. ಎಡಗಾಲು ಇಟ್ಟಾಗ ಎಡಗೈ. ಅವನೇ ಅದನ್ನು ನೋಡಿ ಗಾಬರಿಯಾಗಿ, ಸರಿಮಾಡಲು ಹೋಗಿ, ನಡುಮನೆಯಲ್ಲಿ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ನಿಂತುಬಿಟ್ಟ. ಕೋಣೆಯೊಳಗಿಂದ ಕಿಲಕಿಲ ನಗು ಕೇಳಿಸಿತು. ಅದು ರಮ್ಯಶ್ರೀಯದು. ಚೆಲುವರಾಜು ಆ ಕಡೆ ತಿರುಗಿ ತಾನೂ ನಕ್ಕ. ಚಿಕ್ಕತಾಯಮ್ಮ ಮಾತ್ರ, “ನಂಗ್ಯಾಕ್ ಬುಡಿ ಇದೆಲ್ಲಾ” ಎಂದು ಏಳಲಿಲ್ಲ.

ಯಾರೂ ಕರೆಯದೆ ರಮ್ಯಶ್ರೀ ಹೊರಗೆ ಬಂದಳು. ನಗು ಇನ್ನೂ ಮುಖದ ಮೇಲಿತ್ತು. ಸೀರೆಯ ನೆರಿಗೆಯನ್ನು ತುಸು ಮೇಲಕ್ಕೆ ಹಿಡಿದು, ಕಾಲು ಎಲ್ಲರಿಗೂ ಕಾಣುವ ಹಾಗೆ, ಗೋಡೆಯಿಂದ ಬಾಗಿಲಿಗೆ ನಡೆದು, ಬಾಗಿಲಿಂದ ಗೋಡೆಗೆ ಬಂದಳು. ಮುಚ್ಚಲು ಒಂದಿಷ್ಟೂ ಪ್ರಯತ್ನಿಸಲಿಲ್ಲ. ನನಗೆ ಎದೆ ತುಂಬಿ ಬಂತು. ಅವತ್ತು ಆ ಮನೆಯಲ್ಲಿ ಸಹಜವಾಗಿ ನಡೆದವಳು ಅವಳೊಬ್ಬಳೇ.

“ಎಡಗಾಲು,” ಎಂದಳು. “ಚಿಕ್ಕೋಳಿದ್ದಾಗ ಗಾಡಿ ಮೇಲಿಂದ ಬಿದ್ದೆ. ಸರಿಯಾಗಲ್ಲ.”

ಬಸವರಾಜು ಕಣ್ಣು ಮುಚ್ಚಿಕೊಂಡರು. ಅಂಕಯ್ಯನವರು ನನ್ನ ಕಡೆಗೆ ತಿರುಗಿದರು. “ಯೋಳಿ ಮೇಷ್ಟ್ರೇ.”

ಒಂದು ನೆನಪಿಗಾಗಿ ತಡಕಾಡಿದೆ. ಕೆರೆ, ಹಿಮ, ಬೂಟು, ಐನೋ ಮೇಡಂ, ಯಾವುದೂ ಒದಗಲಿಲ್ಲ. ಊರಿಗೆಲ್ಲ ಹಂಚಿ ಹಂಚಿ ನನಗೇ ಬೇಕಾದಾಗ ಫಿನ್ಲೆಂಡು ಖಾಲಿಯಾಗಿತ್ತು.

“ಯಜಮಾನ್ರೇ, ನನಗೆ ನಡಿಗೆ ನೋಡಿ ಏನೂ ಗೊತ್ತಾಗಲ್ಲ,” ಎಂದೆ. “ನಾನು ನಡಿಗೆ ಬರೆಯೋನು ಅಷ್ಟೆ. ಯಾರು ಒಳ್ಳೆಯವರು, ಯಾರಿಗೆ ಯಾರು ಆಗ್ತಾರೆ, ಅದೆಲ್ಲ ಕಾಲಲ್ಲಿ ಬರೆದಿರಲ್ಲ. ಮತ್ತೆ, ಈ ಹುಡುಗಿ ನನ್ನ ಹೆಂಡ್ತಿ ಅಣ್ಣನ ಮಗಳು.”

ಅಡುಗೆಮನೆಯ ಬಾಗಿಲು ದಢಾರನೆ ತೆರೆಯಿತು. “ಯಾಕ್ರೀ ಹೇಳಿದ್ರಿ!” ಎಂದು ಸುನಂದಮ್ಮ ಹೊರಗೆ ಬಂದು, ಅಂಕಯ್ಯನವರನ್ನು ನೋಡಿ ಸೆರಗು ಸರಿಮಾಡಿಕೊಂಡು, “ನಮಸ್ಕಾರ, ಚೆನ್ನಾಗಿದ್ದೀರಾ?” ಎಂದಳು.

ಅಂಕಯ್ಯನವರು ಎದ್ದು ನಿಂತರು. ಮುಖ ಕೆಂಪಾಗಿತ್ತು. “ಓಹೋ! ಎಲ್ಲ ಸೇರ್ಕಂಡ್ ನಾಟ್ಕ ಆಡಿದ್ರಾ? ಸಕ್ಕರೆ ಬ್ಯಾರೆ ನಡಿಗೇಲಿ ಕಂಡ್ರಂತೆ! ಏಳ್ಲಾ ಚೆಲುವ, ಓಗಾಣ.”

ಚೆಲುವರಾಜು ಏಳಲಿಲ್ಲ. “ಅಪ್ಪ, ನಂಗೆ ಮೊದ್ಲೇ ಗೊತ್ತಿತ್ತು.”

“ಏನ್ ಗೊತ್ತಿತ್ಲಾ?”

“ಕಾಲಿನ್ ಇಷ್ಯ. ಮೊದಲ್ನೇ ಸಲ ಫೋನಲ್ ಮಾತಾಡ್ದಾಗ್ಲೇ ಅವ್ರೇ ಯೋಳಿದ್ರು. ನಂಗೇನೂ ತೊಂದ್ರೆ ಇಲ್ಲ ಅಂದೆ.”

ಈಗ ಬಸವರಾಜು ಕಣ್ಣು ಬಿಟ್ಟರು. ನಾವು ದೊಡ್ಡವರೆಲ್ಲ ಮುಚ್ಚಿಡಲು ಒದ್ದಾಡಿದ್ದನ್ನು ಚಿಕ್ಕವರು ಯಾವತ್ತೋ ಮಾತಾಡಿ ಮುಗಿಸಿದ್ದರು. ಆದರೆ ಅಂಕಯ್ಯನವರಿಗೆ ಅದು ಇನ್ನೂ ಅವಮಾನವಾಯಿತು. “ನಿಂಗ್ ತೊಂದ್ರೆ ಇಲ್ದೆ ಇರ್ಬೋದು. ಊರೋರ್ ಏನಂದಾರು? ಕುಂಟೀನ ತಂದವ್ನೆ ಅಂಕಯ್ಯ ಅನ್ನಲ್ವೇನ್ಲಾ? ಏಳು ಅಂದೆ!”

ಆಗ ಗೋಡೆಯ ಬುಡದಿಂದ ಚಿಕ್ಕತಾಯಮ್ಮ ಎದ್ದರು. ಯಾರ ಕಡೆಗೂ ನೋಡದೆ ಗೋಡೆಯಿಂದ ಬಾಗಿಲಿಗೆ ನಡೆದರು. ಬಲಗಡೆಯ ಸೊಂಟ ಏರಿತು, ತುಸು ನಿಂತಿತು, ಇಡೀ ಮೈ ಎಡಗಾಲಿನ ಮೇಲೆ ಇಳಿಯಿತು. ನನ್ನ ಕೈ ತಾನಾಗಿ ಜೇಬಿನ ಪೆನ್ಸಿಲ್ಲಿಗೆ ಹೋಯಿತು. ಅದು ಅಚ್ಚಿಗೆ ಹಾಕಿದ ಹಾಗೆ ಅಂಕಯ್ಯನವರ ನಡಿಗೆ.

“ನನ್ ಕಾಲ್ಗೆ ಏನಾಗದೆ ಮೇಷ್ಟ್ರೇ?” ಎಂದರು.

“ಏನೂ ಆಗಿಲ್ಲಮ್ಮ. ಕಾಲು ಚೆನ್ನಾಗಿದೆ. ಇದು ನಿಮ್ಮ ನಡಿಗೆ ಅಲ್ಲ.”

ಅಂಕಯ್ಯನವರ ಬಾಯಿ ತೆರೆದಿತ್ತು. “ಇದ್ಯಾವಾಗ್ಲಿಂದ ಇಂಗ್ ನಡೀತಿದ್ದೀಯೆ?”

“ನೀವು ಬ್ಯಾರನ್ ಮ್ಯಾಲಿಂದ ಬಿದ್ದು ಆಸ್ಪತ್ರೆಯಿಂದ ಬಂದ್ರಲ್ಲ, ಅವಾಗ್ಲಿಂದ. ನನ್ ಎಗಲ್ ಮ್ಯಾಲೆ ಕೈ ಆಕ್ಕಂಡ್ ನಡೆದ್ರಿ. ನಿಮ್ ಎಜ್ಜೆಗೆ ಎಜ್ಜೆ ಆಕಿದ್ದು, ಆಮ್ಯಾಕೆ ಓಗ್ಲೇ ಇಲ್ಲ.”

“ನಾ ಒಂದ್ ದಿನಾನೂ ನೋಡ್ಲಿಲ್ವಲ್ಲೇ!”

“ನಾನ್ ನಡೆಯೋದು ನಿಮ್ ಹಿಂದ್ಗಡೆ. ನೀವು ಯಾವತ್ ತಿರುಗ್ ನೋಡಿದ್ರಿ?”

ಚಿಕ್ಕತಾಯಮ್ಮ ರಮ್ಯಶ್ರೀಯ ಪಕ್ಕಕ್ಕೆ ಹೋಗಿ ಅವಳ ಕೈ ಹಿಡಿದು ನಿಂತರು. “ಊರೋರು ಇಷ್ಟ್ ದಿನ ನಮ್ಮಿಬ್ರುನ್ನೂ ನೋಡವ್ರೆ. ಇನ್ನೊಬ್ಳನ್ನ ನೋಡ್ಲಿ ಬುಡಿ.”

ಅಂಕಯ್ಯನವರು ನಿಧಾನವಾಗಿ ಚಾಪೆಯ ಮೇಲೆ ಕುಳಿತರು. ಬಹಳ ಹೊತ್ತು ತಮ್ಮ ಕಾಲನ್ನೇ ನೋಡಿಕೊಂಡರು. ಆಮೇಲೆ ತಲೆಯೆತ್ತಿ, ನನ್ನನ್ನಲ್ಲ, ರಮ್ಯಶ್ರೀಯನ್ನು ಕೇಳಿದರು. “ನಮ್ಮುಡ್ಗ ಕೈಕಾಲು ಒಂದೇ ಕಡೆ ಆಕ್ತಾನಲ್ಲವ್ವಾ, ನಿಂಗೆ ಒಪ್ಗೆನಾ?”

“ಅಭ್ಯಾಸ ಮಾಡಿಸ್ತೀನಿ ಬಿಡಿ,” ಎಂದಳು.

ಬಸವರಾಜು ಸದ್ದು ಮಾಡಿ ಅತ್ತರು. ಸುನಂದಮ್ಮ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅನ್ನವೂ ಇತ್ತು, ಸಾರೂ ಇತ್ತು. ಇನ್ನೊಂದು ಸುತ್ತು ಕಾಫಿ ಬಂತು, ಆಷಾಢ ಕಳೆದ ಮೇಲೆ ಎಂದು ಮಾತಾಯಿತು, ಚೆಲುವರಾಜು ಮತ್ತು ರಮ್ಯಶ್ರೀ ಹಿತ್ತಲಿನ ಕಡೆ ಹೋದವರು ಕರೆದರೂ ಬರಲಿಲ್ಲ.

ಹೊರಡುವಾಗ ನಾವೆಲ್ಲ ಜಗಲಿಯ ಮೇಲೆ ನಿಂತಿದ್ದೆವು. ಅಂಕಯ್ಯನವರು ಅಂಗಳದಲ್ಲಿ ಕಾರಿನ ಕಡೆಗೆ ನಾಲ್ಕು ಹೆಜ್ಜೆ ಹೋದವರು ಫಕ್ಕನೆ ನಿಂತು ತಿರುಗಿದರು. ಹಿಂದೆ ಬರುತ್ತಿದ್ದ ಚಿಕ್ಕತಾಯಮ್ಮನೂ ನಿಂತರು.

“ಬಾರಮ್ಮಿ,” ಎಂದರು ಅಂಕಯ್ಯ.

“ನೀವ್ ನಡೀರಿ, ಬತ್ತೀನಿ.”

“ಇಲ್ಲ, ನೀ ಬಾ. ಪಕ್ಕಕ್ ಬಾ.”

“ಏನ್ ಬಂತು ನಿಮ್ಗೆ, ಎಲ್ರೂ ನೋಡ್ತಾವ್ರೆ, ನಡೀರಿ ಸುಮ್ನೆ.”

ಅಂಕಯ್ಯನವರು ಒಂದು ಹೆಜ್ಜೆ ಹಿಂದಕ್ಕೆ ಬಂದರು. ಚಿಕ್ಕತಾಯಮ್ಮ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಅವರು ಇನ್ನೊಂದು ಹೆಜ್ಜೆ ಬಂದರು, ಇವರು ಇನ್ನೊಂದು ಹೆಜ್ಜೆ ಹೋಗಿ ಜಗಲಿಗೆ ತಾಗಿ ನಿಂತರು, ಹಿಂದಕ್ಕೆ ಜಾಗವಿರಲಿಲ್ಲ. ಅಂಕಯ್ಯನವರು ಪಕ್ಕಕ್ಕೆ ಬಂದು ನಿಂತು, ಎಲ್ಲರ ಎದುರಿಗೇ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, “ಈಗ ಓಗಾಣ” ಎಂದರು. ಚಿಕ್ಕತಾಯಮ್ಮ ನಾಚಿ ತಲೆ ಬಗ್ಗಿಸಿಕೊಂಡು ಬಲಗಾಲು ಮುಂದಿಟ್ಟರು.